ನಾಂದಿ

ಕೇರಳದ ಎಡಪ್ಪಳ್ಳಿಯಲ್ಲಿ ತಂಗಿಯ ಮಗಳ ಮದುವೆಗೆ ನಾಂದಿ ಇಟ್ಟಿದ್ದರು. ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ. ಪುರೋಹಿತರು ಹಿರಿಯರ ಹೆಸರು ಹೇಳಿಸಿ ಏಳುವಷ್ಟರಲ್ಲಿ ಊರಿನಿಂದ ಫೋನು ಬಂತು: ಭಾವನ ದಾಯಾದಿ ಅಜ್ಜ ತೀರಿಕೊಂಡಿದ್ದರು. ತಂಗಿ ಕುಸಿದು ಕೂತಳು. "ನಾಂದಿ ಆಯಿತಲ್ಲಮ್ಮಾ, ಇನ್ನು ಮದುವೆಗೆ ಸೂತಕ ತಟ್ಟುವುದಿಲ್ಲ" ಎಂದರು ಪುರೋಹಿತರು.

ಪತ್ರಿಕೆಯವರಾದ ನಮಗೆ ನಾಂದಿ ಎಂದರೆ ಬರೀ ಶುರು. 'ಜಗಳಕ್ಕೆ ನಾಂದಿ' ಎಂದೂ ಬರೆದುಬಿಡುತ್ತೇವೆ. ನನಗದು ನೋವಿನ ಸಂಗತಿ. ಆ ಮಾತಿನ ಬೇರು 'ನಂದ್', ಎಂದರೆ ಹಿಗ್ಗುವುದು. ನಾಟಕದಲ್ಲಾದರೆ, ಆಟಕ್ಕೆ ವಿಘ್ನ ಬಾರದಿರಲಿ, ನೋಡುವವರಿಗೆ ಒಳ್ಳೆಯದಾಗಲಿ ಎಂಬ ಹಾರೈಕೆ ಅದು. ನಮ್ಮ ಕಂಪನಿ ನಾಟಕದವರೂ ನಾಂದಿ ಹಾಡದೆ ಆಟ ತೊಡಗುತ್ತಿರಲಿಲ್ಲ.

ಸಂಸ್ಕೃತ ನಾಟಕಗಳ ನಾಂದಿ ಹೆಚ್ಚಾಗಿ ಶಿವನಿಗೋ ವಿಷ್ಣುವಿಗೋ ಸಲ್ಲುತ್ತದೆ. 'ನಾಗಾನಂದ'ದ್ದು ಬುದ್ಧನಿಗೆ. ಧ್ಯಾನಕ್ಕೆ ಕೂತವನನ್ನು ಮಾರನ ಕಡೆಯ ಹೆಣ್ಣುಗಳು ಕೆಣಕುತ್ತಾರೆ: ಕಣ್ಣು ಮುಚ್ಚಿ ಯಾರನ್ನು ನೆನೆಯುತ್ತಿದ್ದಾನೆ, ಇವನದೆಂಥ ಕರುಣೆ ಎಂದು. ಆ ಕೊಂಕುಮಾತಿನೊಳಗಿಂದಲೇ ಹರಕೆ ಹೊಮ್ಮುತ್ತದೆ. ಇಷ್ಟು ಸೊಗಸಾದ ನಾಂದಿ ನನಗೆ ಬೇರೆ ಕಂಡಿಲ್ಲ. ಮುಂದೆ ಜೀಮೂತವಾಹನ ನಾಗನೊಬ್ಬನ ಬದಲು ಗರುಡನಿಗೆ ತನ್ನ ಮೈಯನ್ನೇ ಕೊಡುತ್ತಾನೆ; ಅವನನ್ನು ಬದುಕಿಸುವವಳು ಗೌರಿ. ಬರೆದವನು ಹರ್ಷ, ಐಹೊಳೆಯ 634ರ ಶಾಸನದಲ್ಲಿ ಪುಲಿಕೇಶಿಯೆದುರು ಹರ್ಷ ಕಳೆದುಕೊಂಡವನೆಂದು ರವಿಕೀರ್ತಿ ಶ್ಲೇಷೆಯಾಡಿದನಲ್ಲ, ಅವನೇ. ಹರ್ಷನಿಗಿಂತ ಎಷ್ಟೋ ಮೊದಲೇ ಅಶ್ವಘೋಷ ಬುದ್ಧನ ಶಿಷ್ಯ ಶಾರಿಪುತ್ರನ ಕಥೆಯನ್ನು ನಾಟಕ ಮಾಡಿದ್ದ. ಅದರ ಹರಿದ ತಾಳೆಗರಿಗಳು ಮಧ್ಯ ಏಷ್ಯಾದ ಕಿಜಿಲ್‌ನಲ್ಲಿ ಸಿಕ್ಕಿದವು.

ಬುದ್ಧನಿಗೆ ಕೈಮುಗಿದು ತೊಡಗುವ 'ನಾಗಾನಂದ'ವನ್ನು ಕೇರಳದ ಚಾಕ್ಯಾರರು ದೇವಸ್ಥಾನದ ಕೂತ್ತಂಬಲವೆಂಬ ನಾಟಕಶಾಲೆಯೊಳಗೆ ಕೂಡಿಯಾಟ್ಟವೆಂಬ ಸಂಸ್ಕೃತ ರಂಗಾಟವಾಗಿ ಆಡಿಕೊಂಡು ಬಂದರು. ಎತ್ತರದ ದೀಪ; ಎರಡು ಬತ್ತಿ ನಟನ ಕಡೆಗೆ, ಒಂದು ನಮ್ಮ ಕಡೆಗೆ. ಹಿಂದೆ ಮಿಳಾವೆಂಬ ಚರ್ಮವಾದ್ಯದ ಸದ್ದು.

1912ರಲ್ಲಿ ತಿರುವನಂತಪುರದ ಗಣಪತಿ ಶಾಸ್ತ್ರಿಗಳು ಹಳೆಯ ನಾಟಕಕಾರ ಭಾಸನವೆಂದು ಅಚ್ಚುಹಾಕಿಸತೊಡಗಿದ ನಾಟಕಗಳು ಇದೇ ಚಾಕ್ಯಾರರ ನಾಡಿನ ತಾಳೆಗರಿಗಳಿಂದ ಬಂದವು. ಅವುಗಳಲ್ಲಿ ನಾಂದಿಯ ಪದ್ಯವನ್ನು ಬರೆದೇ ಇಲ್ಲ. ನಾಂದಿ ಮುಗಿಯಿತು, ಸೂತ್ರಧಾರ ಬಂದ ಎಂಬಲ್ಲಿಂದ ಬರಹ ಶುರು. ಭಾಸನ ನಾಟಕಗಳು ಸೂತ್ರಧಾರನಿಂದ ತೊಡಗುತ್ತವೆ ಎಂದು ಹರ್ಷನ ಆಸ್ಥಾನದ ಬಾಣ ಹೇಳಿದ್ದು ಶಾಸ್ತ್ರಿಗಳಿಗೆ ಆಧಾರವಾಯಿತು. ಬರೆಯದೆ ಬಿಟ್ಟ ಆ ನಾಂದಿ ಹಾಡಿದವರ ಬಾಯಲ್ಲಿತ್ತು.

ತಂಗಿ ಮಾರನೆಯ ದಿನ ಮಗಳಿಗೆ ಧಾರೆ ಎರೆದಳು. ತಂಬಿಗೆ ಹಿಡಿದ ಕೈ ಒಂದಿಷ್ಟು ನಡುಗುತ್ತಿತ್ತು.