ಸಭಾಂಗಣವೂ ಧ್ವನಿವರ್ಧಕವೂ

ಕೆಲವು ವರ್ಷಗಳ ಹಿಂದೆ ನಾವು ಒಂದು ರಾಮೋತ್ಸವದ ಕಚೇರಿಗೆ ಹೋಗಿದ್ದೆವು. ಮಂಟಪ ದೊಡ್ಡದು, ಮೇಲೆ ತಗಡಿನ ಮಾಡು, ಮೂರು ಕಡೆ ಬರಿಯ ಗೋಡೆ. ಹಾಡುತ್ತಿದ್ದವರು ಒಳ್ಳೆಯ ವಿದ್ವಾಂಸರು. ವೇದಿಕೆಯ ಎರಡು ಪಕ್ಕಗಳಲ್ಲಿಯೂ ಧ್ವನಿವರ್ಧಕದ ಪೆಟ್ಟಿಗೆಗಳನ್ನು ಆಳೆತ್ತರಕ್ಕೆ ಪೇರಿಸಿದ್ದರು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುವಂತಿತ್ತು. ಕಡೆಯ ಸಾಲಿನಲ್ಲಿದ್ದ ನಮಗೆ ಸದ್ದೇನೋ ಬೇಕಾದಷ್ಟು ಬರುತ್ತಿತ್ತು. ಸಾಹಿತ್ಯ ಮಾತ್ರ ಒಂದಕ್ಷರವೂ ತಿಳಿಯಲಿಲ್ಲ. ನಮ್ಮ ಪಕ್ಕದಲ್ಲಿದ್ದ ವೃದ್ಧರೊಬ್ಬರು ತಾಳ ಹಾಕಲು ಯತ್ನಿಸಿ, ಸೋತು, “ನನ್ನ ಕಿವಿ ಕೆಟ್ಟಿತು ಸ್ವಾಮಿ, ಇನ್ನು ಕಚೇರಿಯ ಆಸೆ ಬಿಡಬೇಕು” ಎಂದು ಎದ್ದು ಹೋದರು. ಯಾರೋ ಹೋಗಿ ದೂರು ಹೇಳಿದುದಕ್ಕೆ ಮೈಕ್ ಸೆಟ್ಟಿನವನು ಸದ್ದನ್ನು ಇನ್ನಷ್ಟು ಜೋರು ಮಾಡಿದನು.

ಕೇಳಿಸುವುದು ಬೇರೆ, ತಿಳಿಯುವುದು ಬೇರೆ. ಧ್ವನಿವರ್ಧಕದ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯನ್ನು ನೋಡಿದರೆ, ಅದು ಈ ಎರಡರ ನಡುವಣ ಅಂತರವನ್ನು ಮನುಷ್ಯನು ಮೆಲ್ಲಮೆಲ್ಲನೆ ಕಂಡುಕೊಂಡ ಕಥೆಯೆಂದು ತೋರುತ್ತದೆ. ಸಭೆಗೆ ಧ್ವನಿವರ್ಧಕವನ್ನು ಆರಿಸುವವರು ಆ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಬಂದುದು ಬರಿಯ ಜೋರು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಬಂದಿದ್ದ ಪೀಟರ್ ಜೆನ್ಸನ್ ಎಂಬಾತನೂ ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬಾತನೂ ಕ್ಯಾಲಿಫೋರ್ನಿಯದ ನಾಪಾ ಎಂಬ ಸಣ್ಣ ಊರಿನಲ್ಲಿ ಕಾಂತಕ್ಷೇತ್ರದ ನಡುವೆ ತಂತಿಯ ಸುರುಳಿಯೊಂದನ್ನು ಅಲುಗಾಡಿಸಿ, ಅದಕ್ಕೆ ಕಹಳೆಯನ್ನು ಜೋಡಿಸಿ, ದೊಡ್ಡ ಸದ್ದನ್ನು ಹೊರಡಿಸಿದರು. ಅದಕ್ಕೆ ಅವರಿಟ್ಟ ‘ಮ್ಯಾಗ್ನವಾಕ್ಸ್’ ಎಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ಮಹಾಧ್ವನಿ ಎಂದರ್ಥ. 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರಭವನದ ಮುಂದೆ ನೆರೆದ ಭಾರಿ ಜನಸ್ತೋಮಕ್ಕೆ ಈ ಯಂತ್ರ ಸಂಗೀತವನ್ನೂ ಭಾಷಣವನ್ನೂ ಮುಟ್ಟಿಸಿತು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಸ್ಯಾನ್ ಡಿಯಾಗೋ ನಗರದ ಕ್ರೀಡಾಂಗಣದಲ್ಲಿ ಗಾಜಿನ ಮರೆಯೊಳಗೆ ನಿಂತು ಇದೇ ಯಂತ್ರದ ಮೂಲಕ ಸುಮಾರು 50,000 ಜನರನ್ನು ಉದ್ದೇಶಿಸಿ ಮಾತನಾಡಿದರು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಕಹಳೆಯ ಹಂಗಿಲ್ಲದೆ ಕಾಗದದ ಶಂಕುವಿನಿಂದಲೇ ನುಡಿಯುವ ಧ್ವನಿವರ್ಧಕವನ್ನು ವಿವರಿಸಿದರು. ಇಂದಿನ ಪೆಟ್ಟಿಗೆಗಳ ಒಳಗಿರುವುದೂ ಬಹುಮಟ್ಟಿಗೆ ಅದರ ಸಂತತಿಯೇ.

ಆದರೆ ಬಯಲಿನಲ್ಲಿ ಗೆದ್ದ ಯಂತ್ರ ಛಾವಣಿಯ ಕೆಳಗೆ ಬಂದಾಗ ಬೇರೊಂದು ಶಕ್ತಿಯನ್ನು ಎದುರಿಸಬೇಕಾಯಿತು. ಅದು ಆ ಕಟ್ಟಡವೇ. ಕಟ್ಟಡದ ಗುಣವನ್ನು ಅಳೆದು ಹೇಳಿದವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞ ವ್ಯಾಲೇಸ್ ಸೇಬಿನ್. ಅಲ್ಲಿಯ ಫಾಗ್ ವಸ್ತುಶಾಲೆಯ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡುಗಳಿಗೂ ಹೆಚ್ಚು ಕಾಲ ಗುಂಯ್‌ಗುಟ್ಟುತ್ತಿತ್ತು. 1895ರಲ್ಲಿ ಅದರ ಪರಿಹಾರಕ್ಕೆ ಆತನನ್ನು ನೇಮಿಸಿದರು. ಆತನು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಹೊರಿಸಿಕೊಂಡು ಬಂದು, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ, ಸದ್ದು ಅಡಗುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಕ್ಕೆ ಸಾಗಿಸುತ್ತಿದ್ದನು. ಹೀಗೆ ಹುಟ್ಟಿದುದೇ ಅನುರಣನದ ಸೂತ್ರ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಆ ಸೂತ್ರದ ಆಧಾರದ ಮೇಲೆ ಕಟ್ಟಿದುದು.

ಈ ಸೂತ್ರವನ್ನು ನಮ್ಮ ಊರಿನ ಕಟ್ಟಡಕ್ಕೂ ಹಚ್ಚಿ ನೋಡಬಹುದು. 30 ಮೀಟರ್ ಉದ್ದ, 15 ಮೀಟರ್ ಅಗಲ, 8 ಮೀಟರ್ ಎತ್ತರದ ಸಭಾಂಗಣವೊಂದಿದೆಯೆನ್ನೋಣ. ಖಾಲಿಯಾಗಿರುವಾಗ ಅದರ ಗೋಡೆ, ನೆಲ, ಛಾವಣಿಗಳೆಲ್ಲ ಸೇರಿ, ತೆರೆದ ಕಿಟಕಿಯ ಲೆಕ್ಕದಲ್ಲಿ, 200 ಚದರ ಮೀಟರಿನಷ್ಟು ಧ್ವನಿಯನ್ನು ಹೀರಿದರೆ ಸದ್ದು ಅಡಗಲು ಸುಮಾರು 2.9 ಸೆಕೆಂಡು ಬೇಕು. ಒಬ್ಬೊಬ್ಬರು ಅರ್ಧ ಚದರ ಮೀಟರಿನಷ್ಟು ಹೀರುವ 400 ಮಂದಿ ಬಂದು ಕುಳಿತರೆ ಆ ಕಾಲ 1.45 ಸೆಕೆಂಡಿಗೆ ಇಳಿಯುತ್ತದೆ. ಕಚೇರಿಯ ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ಧ್ವನಿವರ್ಧಕವನ್ನು ಪರೀಕ್ಷಿಸಿ ಒಳ್ಳೆಯದು, ಕೆಟ್ಟದು ಎಂದು ತೀರ್ಪು ಕೊಡುವವರು ಈ ಲೆಕ್ಕವನ್ನು ಮರೆಯಬಾರದು. ಮಾತಿಗೆ ಒಂದು ಸೆಕೆಂಡಿನ ಆಸುಪಾಸಿನ ಅನುರಣನವೇ ಸಾಕು.

ಇನ್ನು ಜೋರು ಮಾಡಿದರೆ ಏಕೆ ಪ್ರಯೋಜನವಿಲ್ಲ? ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಸಾಧಾರಣ ಧ್ವನಿವರ್ಧಕದ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 4 ಮೀಟರಿನಲ್ಲಿ 94 ಇದ್ದುದು 32 ಮೀಟರಿಗೆ 76 ಆಗುತ್ತದೆ. ಒಳಾಂಗಣದಲ್ಲಾದರೋ ನೇರವಾಗಿ ಬರುವ ಧ್ವನಿ ಹೀಗೆ ಇಳಿದರೂ, ಗೋಡೆಗಳಿಂದ ಹೊರಳಿ ಬರುವ ಅನುರಣನ ಎಲ್ಲೆಡೆಯೂ ಹೆಚ್ಚುಕಡಮೆ ಸಮನಾಗಿರುತ್ತದೆ. ಆದುದರಿಂದ ದೂರ ಹೋದಂತೆ ಮಾತು ಮುಳುಗಿ ಗದ್ದಲ ಉಳಿಯುತ್ತದೆ. ಸದ್ದನ್ನು ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಅಲ್ಲದೆ ವ್ಯಾಟುಗಳನ್ನು ಇಮ್ಮಡಿ ಮಾಡಿದರೆ ದೊರೆಯುವುದು ಬರಿಯ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟಾಯಿತೆಂದು ತೋರಬೇಕಾದರೆ ವ್ಯಾಟುಗಳು ಹತ್ತರಷ್ಟು ಬೇಕು. ಅಂಗಡಿಯಲ್ಲಿ ವ್ಯಾಟಿನ ಸಂಖ್ಯೆಯನ್ನು ನೋಡಿ ಬೆಲೆ ಕೊಡುವವರು ಎಣಿಸುವ ಲಾಭ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಗುಮ್ಮಟದ ಕೆಳಗೆ ಈ ತೊಡಕು ಪರಮಾವಧಿಗೆ ಮುಟ್ಟುತ್ತದೆ. ಬಿಜಾಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಎಷ್ಟು ಸಲ ಮರುದನಿಗೊಡುವುದೆಂದು ನಮ್ಮಲ್ಲಿ ಅನೇಕರು ಎಣಿಸಿ ನೋಡಿದವರೇ. ಸರ್ ಸಿ. ವಿ. ರಾಮನ್ನರು 1921ರಲ್ಲಿ ಲಂಡನ್ನಿನ ಸಂತ ಪಾಲನ ಮಹಾದೇವಾಲಯದ ಪಿಸುಮಾತಿನ ಮೊಗಸಾಲೆಯನ್ನು ಪರೀಕ್ಷಿಸಿದರು. ಗೋಲಗುಮ್ಮಟದ ಮೊಗಸಾಲೆಯನ್ನೂ ತಮ್ಮ ಅಭ್ಯಾಸಕ್ಕೆ ಸೇರಿಸಿಕೊಂಡರು. ಯಾತ್ರಿಕನಿಗೆ ವಿನೋದವಾದ ಈ ಅನುರಣನ ಉಪದೇಶ ಕೇಳಲು ಬಂದ ಭಕ್ತನಿಗೆ ಶತ್ರು. ಸಂತ ಪಾಲನ ದೇವಾಲಯದಲ್ಲಿ ಅದು ಹತ್ತು ಸೆಕೆಂಡುಗಳನ್ನೂ ಮೀರುತ್ತಿತ್ತು.

1950ರ ದಶಕದ ಮೊದಲಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬವರು ಅಲ್ಲಿ ಮಾಡಿದ ಏರ್ಪಾಡು ನಮ್ಮ ವಿಷಯದಲ್ಲಿ ಒಂದು ತಿರುವು. ಅವರು ಸದ್ದನ್ನು ಹೆಚ್ಚಿಸಲು ಹೋಗಲಿಲ್ಲ. ಅನೇಕ ಸಣ್ಣ ಧ್ವನಿವರ್ಧಕಗಳನ್ನು ಒಂದರ ಮೇಲೊಂದು ಸಾಲಾಗಿ ನಿಲ್ಲಿಸಿ ಉದ್ದನೆಯ ಕಂಬವನ್ನಾಗಿ ಮಾಡಿದರು. ಇಂತಹ ಕಂಬದ ಧ್ವನಿ ಅಡ್ಡಲಾಗಿ ಹರಡುತ್ತದೆ, ಮೇಲಕ್ಕೂ ಕೆಳಕ್ಕೂ ಹೆಚ್ಚಾಗಿ ಹರಡದು. ಆದುದರಿಂದ ಅದು ಗುಮ್ಮಟವನ್ನು ಕೆಣಕದೆ ಧ್ವನಿಯನ್ನು ಹೀರಿಕೊಳ್ಳುವ ಜನರ ಮೇಲೆಯೇ ಬೀಳುತ್ತದೆ. ದೂರದ ಕಂಬಗಳಿಗೆ ಹೋಗುವ ಮಾತನ್ನು ಕಾಂತೀಯ ಮುದ್ರಣದ ಮೂಲಕ ಕ್ಷಣಾಂಶ ತಡೆದು ಕಳುಹಿಸಿದರು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ನಡೆಯುವುದರಿಂದ 34 ಮೀಟರಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುತ್ತದೆ. ವಿದ್ಯುತ್ತು ಆ ದೂರವನ್ನು ಒಡನೆಯೇ ದಾಟುತ್ತದೆ. ತಡೆಯದಿದ್ದರೆ ಒಂದೇ ಮಾತು ಎರಡಾಗಿ ಕೇಳುತ್ತದೆ. ಮೊದಲು ಮುಟ್ಟಿದ ಧ್ವನಿಯ ದಿಕ್ಕನ್ನೇ ಕಿವಿ ನಂಬುತ್ತದೆಂದು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿದ್ವಾಂಸನು ಆಗತಾನೆ ಪ್ರಯೋಗಗಳಿಂದ ತೋರಿಸಿದ್ದನು. ಹೀಗಾಗಿ ಪಕ್ಕದ ಕಂಬ ನುಡಿಯುತ್ತಿದ್ದರೂ ಕೇಳುವವರಿಗೆ ಮಾತು ಉಪದೇಶಕನ ಬಾಯಿಂದಲೇ ಬಂದಂತೆ ತೋರುತ್ತಿತ್ತು.

ಈ ಜ್ಞಾನವಿದ್ದೂ ಅದನ್ನು ಬಳಸದಿದ್ದರೆ ಏನಾಗುವುದೆಂಬುದಕ್ಕೆ 1965ರ ಆಗಸ್ಟ್ 15ರ ನ್ಯೂಯಾರ್ಕಿನ ಶೇ ಕ್ರೀಡಾಂಗಣವೇ ಸಾಕ್ಷಿ. ‘ಬೀಟಲ್ಸ್’ ಗಾಯಕರನ್ನು ಕೇಳಲು ಅಂದು 55,000ಕ್ಕೂ ಹೆಚ್ಚು ಜನ ಸೇರಿದ್ದರು. ವಾದ್ಯಗಳಿಗೆ 100 ವ್ಯಾಟಿನ ವರ್ಧಕಗಳು. ಹಾಡಿಗೆ, ಚೆಂಡಾಟದ ಪ್ರಕಟಣೆಗೆಂದು ಇಟ್ಟಿದ್ದ ಕ್ರೀಡಾಂಗಣದ ಧ್ವನಿವರ್ಧಕಗಳು. ಜನರ ಕೂಗಿನಲ್ಲಿ ಹಾಡು ಕೇಳಿಸಲಿಲ್ಲ. ಹಾಡುವವರಿಗೇ ತಮ್ಮ ಹಾಡು ಕೇಳಿಸಲಿಲ್ಲ. ಗಾಯಕರ ಕಡೆಗೆ ತಿರುಗಿಸಿದ ಪ್ರತ್ಯೇಕ ಧ್ವನಿವರ್ಧಕಗಳು ವೇದಿಕೆಯ ಸಾಮಾನ್ಯ ಉಪಕರಣಗಳಾದುದು ಆ ಬಳಿಕ.

1992ರಲ್ಲಿ ಫ್ರಾನ್ಸಿನ ಕ್ರಿಶ್ಚಿಯನ್ ಹೀಲ್ ಮತ್ತು ಮಾರ್ಸೆಲ್ ಅರ್ಬನ್ ಎಂಬವರು ಹಳೆಯ ಕಂಬದ ತತ್ತ್ವವನ್ನೇ ಶಾಸ್ತ್ರೀಯವಾಗಿ ವಿಸ್ತರಿಸಿ, ತೂಗುಹಾಕುವ ಉದ್ದನೆಯ ಸಾಲುಗಳನ್ನು ಪ್ರಕಟಿಸಿದರು. ಇಂದು ದೊಡ್ಡ ಕಚೇರಿಗಳಲ್ಲಿ ಬಾಳೆಗೊನೆಯಂತೆ ಬಾಗಿ ತೂಗುವ ‘ಲೈನ್ ಅರೇ’ ಎಂಬುದು ಇದೇ. ಇದರ ಸದ್ದು ಸಮೀಪದ ವಲಯದಲ್ಲಿ ದೂರ ಎರಡರಷ್ಟಾದರೂ ಸುಮಾರು 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಆದರೆ ಈ ಗುಣವೆಲ್ಲ ಸಾಲಿನ ಉದ್ದವನ್ನು ಅವಲಂಬಿಸಿದೆ. ಮೃದಂಗದ ಎಡಭಾಗದ ಗಂಭೀರ ನಾದದಲ್ಲಿ 100 ಹರ್ಟ್ಸಿನ ಅಂಶವೊಂದರ ಅಲೆಯೇ 3.4 ಮೀಟರ್ ಉದ್ದ. ಒಂದು ಮೀಟರಿನ ಸಾಲು ಅದನ್ನು ಹಿಡಿದು ನಡೆಸಲಾರದು. ಮುನ್ನೂರು ಜನರ ಸಭಾಂಗಣಕ್ಕೆ ಕ್ರೀಡಾಂಗಣದ ವೇಷವನ್ನು ತೊಡಿಸಿ ನಾಲ್ಕು ಪೆಟ್ಟಿಗೆಗಳನ್ನು ತೂಗುಹಾಕಿದ ಮಾತ್ರಕ್ಕೆ ಕಾರ್ಯ ಕೈಗೂಡುವುದಿಲ್ಲ. ಅಲ್ಲಿ ಸರಿಯಾದ ಕೋನದ ಎರಡು ಒಳ್ಳೆಯ ಪೆಟ್ಟಿಗೆಗಳೇ ಲೇಸು.

ಆದುದರಿಂದ ಆರಿಸಲು ಹೊರಟ ಸಮಿತಿಯವರು ಬೆಲೆಪಟ್ಟಿಯನ್ನು ಬಿಡಿಸುವ ಮೊದಲು ಸಭಾಂಗಣದ ಕಡೆಯ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳಲಿ. ಚಪ್ಪಾಳೆ ತಟ್ಟಿ ಸದ್ದು ಎಷ್ಟು ಹೊತ್ತು ನಿಲ್ಲುವುದೆಂದು ಕೇಳಲಿ. ಅಲ್ಲಿ ಹೆಚ್ಚಾಗಿ ನಡೆಯುವುದು ಮಾತೋ, ವೀಣೆಯೋ, ನಾಟಕವೋ ಎಂದು ನಿಶ್ಚಯಿಸಲಿ. ಮಾರುವವರನ್ನು ‘ಎಷ್ಟು ವ್ಯಾಟು’ ಎಂದು ಕೇಳುವ ಬದಲು, ‘ಇದರ ಧ್ವನಿ ಎಷ್ಟು ಕೋನಕ್ಕೆ ಹರಡುತ್ತದೆ, ಗೋಡೆಗೆ ಎಷ್ಟು ಬೀಳುತ್ತದೆ, ಮೊದಲ ಸಾಲಿಗೂ ಕಡೆಯ ಸಾಲಿಗೂ ಎಷ್ಟು ವ್ಯತ್ಯಾಸ’ ಎಂದು ಕೇಳಲಿ. ಇದನ್ನು ಗಣಕಯಂತ್ರದಲ್ಲಿ ಮೊದಲೇ ಲೆಕ್ಕಮಾಡಿ ತೋರಿಸುವುದು ಈಗ ಸಾಧ್ಯ. ಧ್ವನಿಗ್ರಾಹಕ ಹಾಡುವವರ ಬಾಯಿಗೆ ಹತ್ತಿರವಿದ್ದು, ಧ್ವನಿವರ್ಧಕದ ಮುಂದೆ ಬಾರದಂತಿದ್ದರೆ ಕಿವಿ ಸೀಳುವ ಕೂಗೂ ತಪ್ಪುತ್ತದೆ. ಹಣ ಉಳಿದರೆ ಹಿಂದಿನ ಗೋಡೆಗೆ ದಪ್ಪ ಪರದೆ ಹಾಕಿಸುವುದು ಇನ್ನೆರಡು ಪೆಟ್ಟಿಗೆ ಕೊಳ್ಳುವುದಕ್ಕಿಂತ ಮೇಲು.

ಸಭಾಂಗಣದ ಹೊರಗೂ ಕಿವಿಗಳುಂಟು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿರುವುದು ಅವರಿಗಾಗಿ. ಬೇಕಾದಲ್ಲಿಗೆ ಮಾತ್ರ ಧ್ವನಿಯನ್ನು ಕಳುಹಿಸಬಲ್ಲ ಏರ್ಪಾಡು ಒಳಗಿನವರಿಗೂ ಹೊರಗಿನವರಿಗೂ ಒಂದೇ ಉಪಕಾರವನ್ನು ಮಾಡುತ್ತದೆ.

ಅಂದು ಎದ್ದು ಹೋದ ಆ ವೃದ್ಧರನ್ನು ನಾವು ಮತ್ತೆ ಕಾಣಲಿಲ್ಲ. ಕಂಡಿದ್ದರೆ, ಕೆಟ್ಟುದು ತಮ್ಮ ಕಿವಿಯಲ್ಲ, ತಗಡಿನ ಮಾಡಿನ ಕಡೆಗೆ ತಿರುಗಿದ್ದ ಆ ಪೆಟ್ಟಿಗೆಗಳ ಮುಖ ಎಂದು ಅವರಿಗೆ ಹೇಳಬೇಕೆಂದಿದ್ದೆವು.