ಸವದತ್ತಿಯ ಶಾಸನ ಮತ್ತು ಸೂರ್ಯ–ಚಂದ್ರರ ಕ್ರಾಂತಿ

ಆಕಾಶದ ವಿಷುವದ್ವೃತ್ತದಿಂದ ಸೂರ್ಯ ಅಥವಾ ಚಂದ್ರ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ದೂರದಲ್ಲಿದೆ ಎಂಬ ಅಳತೆಯೇ ಕ್ರಾಂತಿ. ಸೂರ್ಯನ ಕ್ರಾಂತಿ ವರ್ಷದಲ್ಲಿ ಎರಡೂ ಕಡೆ 23.4 ಡಿಗ್ರಿಯವರೆಗೆ ಹೋಗಿಬರುತ್ತದೆ. ಕಿತ್ತೂರು, ಸವದತ್ತಿ, ಬೈಲಹೊಂಗಲ, ರಾಮದುರ್ಗ ನಾಲ್ಕೂ 15.6ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದೊಳಗೆ ಇರುವುದರಿಂದ ಮೇ ಮೊದಲ ವಾರದಲ್ಲಿ ಬಿಸಿಲು ಇಲ್ಲಿ ನೆಟ್ಟಗೆ ನೆತ್ತಿಗೆ ಬರುತ್ತದೆ. ಮೊದಲು ಕಿತ್ತೂರಿಗೆ, ಒಂದು ದಿನದ ಆಚೆಗೆ ರಾಮದುರ್ಗಕ್ಕೆ. ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮರಳುವಾಗ ಸರದಿ ತಿರುಗಿ, ರಾಮದುರ್ಗವೇ ಮೊದಲು.

ಈ ಸೀಮೆಯ ಶಾಸನಗಳಲ್ಲಿ ದಾನದ ಕಾಲವನ್ನು ಸೂರ್ಯನ ನಡೆಯಿಂದಲೂ ಗುರುತಿಸುವ ರೂಢಿಯಿತ್ತು. ಸುಗಂಧವರ್ತಿಯಲ್ಲಿ, ಅಂದರೆ ಇಂದಿನ ಸವದತ್ತಿಯಲ್ಲಿ, ರಟ್ಟರ ಶಾಂತಿವರ್ಮ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಬಿಟ್ಟ ಶಾಸನ ಶಕ 902ರದು (ಕ್ರಿ.ಶ. 980). ಅದರಲ್ಲಿ ಹೇಳಿರುವ ಕಾಲ ಉತ್ತರಾಯಣ ಸಂಕ್ರಾಂತಿ. ಆ ವರ್ಷದ ಮಕರ ಸಂಕ್ರಮಣ ಡಿಸೆಂಬರ್ 23ರ ಸುಮಾರಿಗೆ ಬಿದ್ದಿತ್ತು. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗಿದ್ದು ಅದಕ್ಕೂ ಒಂದು ವಾರ ಮೊದಲೇ. ಪಂಚಾಂಗ ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿಹಾಕುತ್ತದೆ, ಆದರೆ ಭೂಮಿಯ ಅಕ್ಷ ನಿಧಾನವಾಗಿ ತಿರುಗುತ್ತ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಅಂತರ ತಂದಿಡುತ್ತದೆ. ಕ್ರಿ.ಶ. 500ರ ಆಸುಪಾಸಿನಲ್ಲಿ ಸಂಕ್ರಾಂತಿ ಮತ್ತು ಅಯನ (ಸೂರ್ಯ ನಿಜವಾಗಿ ತಿರುಗುವ ದಿನ) ಎರಡೂ ಕೂಡಿದ್ದವು. ಈಗ ಸಂಕ್ರಾಂತಿ ಜನವರಿ 14–15ಕ್ಕೆ, ಅಯನ ಡಿಸೆಂಬರ್ 21–22ಕ್ಕೆ. ಶಾಂತಿವರ್ಮನ ಕಾಲದ ಒಂದು ವಾರ ಇಂದು ಮೂರು ವಾರ ದಾಟಿದೆ. ಸಾವಿರ ವರ್ಷದ ಜಾರುವಿಕೆಯನ್ನು ಊರಿನ ಕಲ್ಲೊಂದು ಹೇಳುವ ಕಾಲದಿಂದಲೇ ಲೆಕ್ಕ ಹಾಕಬಹುದೆಂಬುದು ದೊಡ್ಡ ಮಾತು.

ಕ್ರಾಂತಿಯ ಗರಿಷ್ಠ ಮಿತಿಯೂ ತುಸು ತಗ್ಗಿದೆ. ಸಿದ್ಧಾಂತ ಗ್ರಂಥಗಳು ಅದನ್ನು 24 ಡಿಗ್ರಿ ಎಂದು ಹಿಡಿದವು. 980ರಲ್ಲಿ ಅದು 23.57ರಷ್ಟಿತ್ತು, ಈಗ 23.44.

ಚಂದ್ರನ ಲೆಕ್ಕ ಬೇರೆ. ಅವನ ಪಥ ಸೂರ್ಯನ ಪಥಕ್ಕೆ ಐದು ಡಿಗ್ರಿ ಓರೆ. ಆ ಎರಡೂ ಕೂಡುವ ರಾಹು–ಕೇತುಗಳು 18.6 ವರ್ಷಕ್ಕೊಂದು ಸುತ್ತು ಬರುತ್ತವೆ. ಹೀಗಾಗಿ ತಿಂಗಳೊಳಗಿನ ಗರಿಷ್ಠ ಕ್ರಾಂತಿ ಕೆಲವು ವರ್ಷ 18 ಡಿಗ್ರಿಗೆ ನಿಂತರೆ ಕೆಲವು ವರ್ಷ 28 ದಾಟುತ್ತದೆ. ಚಳಿಗಾಲದ ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರಾಗಿ ಉತ್ತರದಲ್ಲಿರುವುದರಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುವ ಜಾತ್ರೆಯ ದಿನಗಳಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಸಿಗುತ್ತದೆ. 2015ರ ಹೊಸ್ತಿಲ ಹುಣ್ಣಿಮೆಯ ನಡುರಾತ್ರಿ ಚಂದ್ರ ಗುಡ್ಡದ ಮೇಲೆ ಹೆಚ್ಚುಕಡಿಮೆ ನೆತ್ತಿಯಲ್ಲೇ ಇದ್ದ. 2024ರಲ್ಲಿ ನೆತ್ತಿಯಿಂದ ಹನ್ನೆರಡು ಡಿಗ್ರಿಯಷ್ಟು ಉತ್ತರಕ್ಕೆ ಸರಿದಿದ್ದ. ಮತ್ತೆ ನೆತ್ತಿಯ ಸಮೀಪ ಬರುವುದು 2034ರ ಹೊತ್ತಿಗೆ.