ಗಟ್ಟಿ ಫೋಮ್ ಹಾಸಿಗೆ

ಗಟ್ಟಿ ಫೋಮ್ ಹಾಸಿಗೆ ಎಂಬುದು ಮಲಗಿದವರ ಭಾರಕ್ಕೆ ಬಹಳ ಕಡಿಮೆ ಕುಗ್ಗುವ, ಪಾಲಿಯುರೆಥೇನ್ ಫೋಮಿನಿಂದ ತಯಾರಾದ ಹಾಸಿಗೆ. ಭಾರತದ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಇಂತಹ ಹಲವು ಹಾಸಿಗೆಗಳಲ್ಲಿ ರೀಬಾಂಡೆಡ್ ಫೋಮ್ ಬಳಕೆಯಾಗುತ್ತದೆ. ಗಟ್ಟಿ ಹಾಸಿಗೆ ಬೆನ್ನಿಗೆ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಎಲ್ಲರಿಗೂ ಅನ್ವಯಿಸುವುದಿಲ್ಲ. ಇಂತಹ ಹಾಸಿಗೆ ಕೊಳ್ಳಲು ಯೋಗ್ಯವೇ ಎಂಬುದು ಫೋಮಿನ ಗುಣಮಟ್ಟ, ಮಲಗುವವರ ತೂಕ, ಮಲಗುವ ಭಂಗಿ ಮತ್ತು ಬಾಳಿಕೆಯನ್ನು ಅವಲಂಬಿಸಿದೆ.

ಹಿನ್ನೆಲೆ

ಕರ್ನಾಟಕದ ಮನೆಗಳಲ್ಲಿ ಚಾಪೆ, ಜಮಖಾನ, ಕಂಬಳಿಗಳ ಜೊತೆಗೆ ಹತ್ತಿಯ ಅಥವಾ ಬೂರುಗದ ಅರಳೆಯ ಹಾಸಿಗೆಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅರಳೆ ಗಂಟುಕಟ್ಟಿ ಹಾಸಿಗೆ ಗಟ್ಟಿಯಾದಾಗ ಅದನ್ನು ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸುವುದು ರೂಢಿ. ಪಿಂಜಾರ ಅಥವಾ ನದಾಫ ಎಂದು ಕರೆಯಲ್ಪಡುವ ಸಮುದಾಯದವರ ಸಾಂಪ್ರದಾಯಿಕ ಕಸುಬು ಇದೇ ಆಗಿತ್ತು. ಬಳಿಕ ರಬ್ಬರ್ ಲೇಪಿತ ತೆಂಗಿನ ನಾರಿನ ಹಾಸಿಗೆಗಳೂ ಫೋಮ್ ಹಾಸಿಗೆಗಳೂ ಬಳಕೆಗೆ ಬಂದವು.

ಪಾಲಿಯುರೆಥೇನ್ ರಸಾಯನಶಾಸ್ತ್ರದ ಮೂಲ ಸಂಶೋಧನೆಯನ್ನು ಜರ್ಮನಿಯ ಲೆವರ್ಕುಸೆನ್‌ನಲ್ಲಿ ಓಟೊ ಬಾಯರ್ ಮತ್ತು ಸಹೋದ್ಯೋಗಿಗಳು 1937ರಲ್ಲಿ ಮಾಡಿದರು. ಮೃದುವಾದ ಫೋಮಿನ ವಾಣಿಜ್ಯ ಉತ್ಪಾದನೆ 1950ರ ದಶಕದಲ್ಲಿ ಆರಂಭವಾಯಿತು. ಅರಳೆಯನ್ನು ಹಿಂಜಿಸಿ ಹೊಸದಾಗಿಸಿದಂತೆ ಕುಸಿದ ಫೋಮನ್ನು ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಆದ್ದರಿಂದ ಕೊಳ್ಳುವಾಗಿನ ಪರೀಕ್ಷೆಗೆ ಹೆಚ್ಚಿನ ಮಹತ್ವವಿದೆ.

ತಯಾರಿಕೆ

ಪಾಲಿಯಾಲ್ ಮತ್ತು ಡೈಐಸೊಸಯನೇಟ್ ಎಂಬ ದ್ರವಗಳನ್ನು ನೀರು ಹಾಗೂ ವೇಗವರ್ಧಕಗಳೊಂದಿಗೆ ಬೆರೆಸಿದಾಗ ಫೋಮ್ ಉಂಟಾಗುತ್ತದೆ. ನೀರು ಮತ್ತು ಐಸೊಸಯನೇಟಿನ ಕ್ರಿಯೆಯಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಮಿಶ್ರಣವನ್ನು ಹಿಟ್ಟಿನಂತೆ ಉಬ್ಬಿಸಿ, ಅದರೊಳಗೆ ಸಣ್ಣ ಸಣ್ಣ ಕೋಶಗಳನ್ನು ನಿರ್ಮಿಸುತ್ತದೆ.

ರೀಬಾಂಡೆಡ್ ಫೋಮನ್ನು ತಯಾರಿಸುವ ಕ್ರಮ ಬೇರೆ. ಫೋಮ್ ಕತ್ತರಿಸುವಾಗ ಉಳಿದ ಚೂರುಗಳನ್ನು ಪುಡಿಮಾಡಿ, ಪಾಲಿಯುರೆಥೇನ್ ಅಂಟಿನೊಂದಿಗೆ ಕಲಸಿ, ಅಚ್ಚಿನಲ್ಲಿ ಒತ್ತಿ, ಸಾಮಾನ್ಯವಾಗಿ ಹಬೆಯಿಂದ ಗಟ್ಟಿಗೊಳಿಸುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಹಲವು ಬಣ್ಣದ ಚೂರುಗಳು ಕಾಣುವುದು ಇದರ ಗುರುತು. ಉಳಿಕೆ ಚೂರುಗಳ ಮರುಬಳಕೆಯಾದ್ದರಿಂದ ಬೆಲೆ ಕಡಿಮೆ. ಒತ್ತಿ ಕೂಡಿಸಿದ್ದರಿಂದ ಗಟ್ಟಿತನ ಹೆಚ್ಚು.

ಸಾಂದ್ರತೆ ಮತ್ತು ಗಟ್ಟಿತನ

ಇವೆರಡನ್ನೂ ಒಂದೇ ಎಂದು ಭಾವಿಸುವುದು ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪು. ಸಾಂದ್ರತೆ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ. ಅಂಗಡಿಗಳಲ್ಲಿ ‘32 ಡೆನ್ಸಿಟಿ’ ಎಂದರೆ ಘನ ಮೀಟರಿಗೆ 32 ಕಿ.ಗ್ರಾಂ ಎಂದರ್ಥ. ಗಟ್ಟಿತನವನ್ನು ಬೇರೆ ರೀತಿಯಲ್ಲಿ ಅಳೆಯುತ್ತಾರೆ: ಗೊತ್ತಾದ ಅಳತೆಯ ದುಂಡು ಫಲಕವನ್ನು ಫೋಮಿನ ದಪ್ಪದ ಶೇ. 25 ಅಥವಾ ಶೇ. 40ರಷ್ಟು ಆಳಕ್ಕೆ ಒತ್ತಲು ಬೇಕಾಗುವ ಬಲವೇ ಅದರ ಅಳತೆ. ಸಾಂದ್ರತೆ ಹೆಚ್ಚಿದ್ದೂ ಮೃದುವಾಗಿರುವ ಫೋಮ್ ಇದೆ. ಸಾಂದ್ರತೆ ಕಡಿಮೆಯಿದ್ದೂ ಗಟ್ಟಿಯಾಗಿರುವ ಫೋಮ್ ಕೂಡ ಇದೆ. ಬಾಳಿಕೆಯನ್ನು ಅಂದಾಜಿಸಲು ಸಾಂದ್ರತೆ ಹೆಚ್ಚು ನೆರವಾಗುತ್ತದೆ. ಅಂಗಡಿಯಲ್ಲಿ ಗಟ್ಟಿಯೆನಿಸಿದರೂ ಸಾಂದ್ರತೆ ಕಡಿಮೆಯಿರುವ ಹಾಸಿಗೆ ಬೇಗನೆ ಕುಳಿ ಬೀಳಬಹುದು.

ಒಂದೇ ಪದರದ ಹಾಸಿಗೆಯ ಸಾಂದ್ರತೆಯನ್ನು ತೂಕದಿಂದ ಪರಿಶೀಲಿಸಬಹುದು. 190 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಹಾಸಿಗೆಯ ಗಾತ್ರ 0.171 ಘನ ಮೀಟರ್. ಸಾಂದ್ರತೆ 32 ಇದ್ದರೆ ಫೋಮಿನ ತೂಕ ಸುಮಾರು 5.5 ಕಿ.ಗ್ರಾಂ, 90 ಇದ್ದರೆ ಸುಮಾರು 15.4 ಕಿ.ಗ್ರಾಂ ಆಗಬೇಕು. ಹೊದಿಕೆಯ ತೂಕವನ್ನು ಹಾಸಿಗೆಯ ಒಟ್ಟು ತೂಕದಿಂದ ಕಳೆದು ನೋಡಬೇಕು. ಆದರೆ ತೂಕವೊಂದೇ ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಕ್ಯಾಲ್ಸಿಯಂ ಕಾರ್ಬೊನೇಟಿನಂತಹ ಪುಡಿಯನ್ನು ಬೆರೆಸಿ ಅಗ್ಗದ ಫೋಮಿನ ತೂಕ ಹೆಚ್ಚಿಸಲು ಸಾಧ್ಯ. ಇದರಿಂದ ಬಾಳಿಕೆ ಕುಗ್ಗುತ್ತದೆ. ರೀಬಾಂಡೆಡ್ ಫೋಮಿನ ಸಾಂದ್ರತೆಯನ್ನು ಸಾಮಾನ್ಯ ಫೋಮಿನದರೊಂದಿಗೆ ನೇರವಾಗಿ ಹೋಲಿಸುವುದೂ ಸರಿಯಲ್ಲ.

ಆರೋಗ್ಯದ ದೃಷ್ಟಿ

ಸ್ಪೇನ್‌ನಲ್ಲಿ ದೀರ್ಘಕಾಲದ, ನಿರ್ದಿಷ್ಟ ಕಾರಣ ಪತ್ತೆಯಾಗದ ಸೊಂಟನೋವಿದ್ದ 313 ವಯಸ್ಕರ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಯನ್ನೂ ಕೊಡಲಾಗಿತ್ತು. 90 ದಿನಗಳ ಬಳಿಕ ಮಲಗಿದಾಗಿನ ನೋವು, ಏಳುವಾಗಿನ ನೋವು ಹಾಗೂ ದೈನಂದಿನ ಚಟುವಟಿಕೆಯ ಅಡಚಣೆ ಈ ಮೂರರಲ್ಲಿಯೂ ಮಧ್ಯಮ ಹಾಸಿಗೆಯವರಿಗೆ ಹೆಚ್ಚಿನ ಸುಧಾರಣೆ ಕಂಡುಬಂದಿತು. ಫಲಿತಾಂಶ ಇಂತಹ ಸೊಂಟನೋವಿಗೆ ಸಂಬಂಧಿಸಿದ್ದು. ಬೆನ್ನಿನ ಎಲ್ಲ ತೊಂದರೆಗಳಿಗೂ ಅದನ್ನು ಅನ್ವಯಿಸಲಾಗದು. ‘ಆರ್ಥೊಪೆಡಿಕ್’ ಎಂಬ ಹೆಸರು ಹಾಸಿಗೆಯ ಮೇಲೆ ಇದ್ದಮಾತ್ರಕ್ಕೆ ಅದು ವೈದ್ಯಕೀಯವಾಗಿ ಪರೀಕ್ಷಿತವಾಗಿದೆ ಎಂದು ತಿಳಿಯಬಾರದು.

ಪಕ್ಕಕ್ಕೆ ತಿರುಗಿ ಮಲಗುವವರಿಗೆ ಅತಿ ಗಟ್ಟಿ ಹಾಸಿಗೆಯಲ್ಲಿ ಭುಜ ಮತ್ತು ಸೊಂಟದ ಮೂಳೆಯ ಮೇಲೆ ಒತ್ತಡ ಬಿದ್ದು ತೋಳು ಜೋಮು ಹಿಡಿಯಬಹುದು. ದೇಹತೂಕ ಕಡಿಮೆಯಿರುವವರಿಗೆ ಅದೇ ಹಾಸಿಗೆ ಇನ್ನಷ್ಟು ಗಟ್ಟಿಯೆನಿಸುತ್ತದೆ. ಅಂಗಾತ ಅಥವಾ ಬೋರಲು ಮಲಗುವವರಿಗೆ, ತೂಕ ಹೆಚ್ಚಿರುವವರಿಗೆ ಹಾಗೂ ಚಾಪೆಯ ಮೇಲೆ ಮಲಗಿ ರೂಢಿಯಾದವರಿಗೆ ಅದು ಹಿತವಾಗಬಹುದು. ಶಿಶುಗಳನ್ನು ಸಮತಟ್ಟಾದ, ಕುಗ್ಗದ ಹಾಸಿನ ಮೇಲೆ ಅಂಗಾತ ಮಲಗಿಸಬೇಕೆಂಬುದು ಮಕ್ಕಳ ವೈದ್ಯರ ಸಲಹೆ. ಹಾಸಿಗೆ ಹಿಡಿದ ರೋಗಿಗಳಿಗೆ ಮಾತ್ರ ಗಟ್ಟಿ ಹಾಸಿಗೆ ಅಪಾಯಕಾರಿ: ಮೂಳೆ ಉಬ್ಬಿದ ಕಡೆಗಳಲ್ಲಿ ಒತ್ತಡದ ಹುಣ್ಣುಗಳಾಗಬಹುದು. ಅಂಥವರಿಗೆ ಒತ್ತಡವನ್ನು ಹಂಚುವ ಹಾಸಿಗೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಕೊಳ್ಳುವಾಗಿನ ಪರಿಶೀಲನೆ

* ಎಂದಿನ ಭಂಗಿಯಲ್ಲಿ ಕನಿಷ್ಠ ಹತ್ತು ನಿಮಿಷ ಮಲಗಿ ನೋಡುವುದು. ಕೈಯಿಂದ ಒತ್ತಿ ನೋಡಿದರೆ ಸಾಲದು.
* ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸುವುದು. ಕೈ ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಹಾಸಿಗೆ ಆ ವ್ಯಕ್ತಿಗೆ ಅತಿ ಗಟ್ಟಿ; ಕೈ ಸ್ವಲ್ಪವೂ ನುಸುಳದಿದ್ದರೆ ಅತಿ ಮೃದು.
* ಪ್ರತಿ ಪದರದ ವಸ್ತು, ದಪ್ಪ ಮತ್ತು ಸಾಂದ್ರತೆಯನ್ನು ಬರಹದಲ್ಲಿ ಕೇಳುವುದು. ಒಟ್ಟು ದಪ್ಪವಷ್ಟನ್ನೇ ತಿಳಿದರೆ ಪ್ರಯೋಜನವಿಲ್ಲ.
* ಖಾತರಿಯ ಷರತ್ತುಗಳನ್ನು ಓದುವುದು. ಅನೇಕ ಖಾತರಿಗಳು ನಿಗದಿತ ಆಳಕ್ಕಿಂತ ಹೆಚ್ಚು ಕುಳಿ ಬಿದ್ದರೆ ಮಾತ್ರ ಅನ್ವಯಿಸುತ್ತವೆ. ಹಾಸಿಗೆ ಹಿತವಾಗಲಿಲ್ಲ ಎಂಬ ಕಾರಣಕ್ಕೆ ಅನ್ವಯಿಸುವುದಿಲ್ಲ.
* ಮರಳಿಸುವ ಅವಕಾಶ, ಸಾಗಣೆ ವೆಚ್ಚ ಯಾರದು ಎಂಬುದನ್ನು ಮೊದಲೇ ತಿಳಿದುಕೊಂಡು, ರಸೀದಿಯನ್ನು ಕಾದಿಡುವುದು. ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ಹೋಲಿಸುವುದು ಸರಿಯಾದ ಕ್ರಮ. ಉದಾಹರಣೆಗೆ, 6,000 ರೂಪಾಯಿಯ ಹಾಸಿಗೆ 3 ವರ್ಷ ಬಾಳಿದರೆ ವರ್ಷಕ್ಕೆ 2,000 ರೂಪಾಯಿ. 12,000 ರೂಪಾಯಿಯದು 8 ವರ್ಷ ಬಾಳಿದರೆ ವರ್ಷಕ್ಕೆ 1,500 ರೂಪಾಯಿ. ಅತಿಥಿಗಳ ಕೋಣೆಗೆ, ವಿದ್ಯಾರ್ಥಿಗಳ ತಾತ್ಕಾಲಿಕ ವಸತಿಗೆ ಅಗ್ಗದ್ದು ಸಾಕಾಗಬಹುದು. ಪ್ರತಿದಿನ ಮಲಗುವ ಹಿರಿಯರಿಗೆ ಈ ಲೆಕ್ಕ ಬೇರೆಯಾಗುತ್ತದೆ.

ಬಳಕೆ ಮತ್ತು ಸುಧಾರಣೆ

ಹೊಸ ಫೋಮ್ ಬಳಕೆಯ ಮೊದಲ ವಾರಗಳಲ್ಲಿ ತುಸು ಮೆದುವಾಗುತ್ತದೆ. ಆದ್ದರಿಂದ ಮೊದಲ ರಾತ್ರಿಯ ಅನುಭವದಿಂದಲೇ ತೀರ್ಮಾನಕ್ಕೆ ಬರಬಾರದು. ಆದರೆ ತೀರಾ ಗಟ್ಟಿಯಾದ ರೀಬಾಂಡೆಡ್ ಹಾಸಿಗೆ ಕಾಲಕ್ರಮೇಣ ಮೃದುವಾಗಬಹುದೆಂದು ನಂಬಿ ಕೊಳ್ಳುವುದೂ ಸರಿಯಲ್ಲ. ಅದರ ಮೇಲೆ 5 ಸೆಂ.ಮೀ. ದಪ್ಪದ ಮೃದು ಫೋಮ್ ಪದರವನ್ನೋ ತೆಳುವಾದ ಅರಳೆ ಹಾಸಿಗೆಯನ್ನೋ ಹಾಸಿಕೊಂಡರೆ ಭುಜ, ಸೊಂಟಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಈ ಹೆಚ್ಚುವರಿ ಖರ್ಚನ್ನೂ ಬೆಲೆಯೊಂದಿಗೆ ಸೇರಿಸಿ ನೋಡಬೇಕು.

ಹೊಸ ಹಾಸಿಗೆಯ ವಾಸನೆ ಹೋಗಲು ಕೆಲವು ದಿನ ಗಾಳಿಯಾಡುವ ಕಡೆ ತೆರೆದಿಡಬೇಕು. ಕರಾವಳಿ, ಮಲೆನಾಡುಗಳಂತಹ ತೇವದ ಪ್ರದೇಶದಲ್ಲಿ ಫೋಮ್ ಹಾಸಿಗೆಯನ್ನು ನೇರವಾಗಿ ನೆಲದ ಮೇಲೆ ಹಾಸಿದರೆ ಅಡಿಯಲ್ಲಿ ಬೂಷ್ಟು ಹಿಡಿಯಬಹುದು. ಹಲಗೆಗಳ ನಡುವೆ ಸಂದುಗಳಿರುವ ಮಂಚ ಇದಕ್ಕೆ ಸೂಕ್ತ. ಬಿಸಿಲು ತಾಗಿದ ಫೋಮ್ ಹಳದಿಗಟ್ಟಿ ಪುಡಿಪುಡಿಯಾಗುವುದರಿಂದ, ಅರಳೆ ಹಾಸಿಗೆಯಂತೆ ಅದನ್ನು ಬಿಸಿಲಿಗೆ ಒಣಹಾಕದೆ ನೆರಳಿನಲ್ಲಿ ಗಾಳಿಗೊಡ್ಡಬೇಕು.